ಸಭೆಯಲ್ಲಿ ಯಾರ ಮಾತು ನಡೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಗ್ರಾಮಸಭೆ, ನೀರು ಬಳಕೆದಾರರ ಸಂಘದ ಸಭೆ, ಮೈಸೂರಿನ ಬಡಾವಣೆಗಳ ನಿವಾಸಿ ಸಂಘದ ಸಭೆ: ಇಂಥವನ್ನು ನಡೆಸುವವರೂ ಅಲ್ಲಿ ಕೂತು ಬೇಸತ್ತು ಎದ್ದು ಬಂದವರೂ ಕೇಳಿದ ಪ್ರಶ್ನೆಗಳಿವು. ಕೆಲವು ಕಾಗದದಲ್ಲಿ ಬಂದವು. ಹೆಚ್ಚಿನವು ಸಭೆ ಮುಗಿದ ಮೇಲೆ ಟೀ ಅಂಗಡಿ ಮುಂದೆ ಬಂದವು. ಮನಸ್ಸಿನ ಮಾತು ಹೊರಗೆ ಬೀಳುವುದು ಅಲ್ಲೇ ತಾನೆ. ಕೇಳಿದವರ ಬಾಯಿಮಾತನ್ನು ತಿದ್ದಲು ಹೋಗಿಲ್ಲ.

## ಮೊದಲ ಪ್ರಶ್ನೆಗಳು

"ಸಭೆಗೆ ಯಾರು ಬೇಕಾದ್ರೂ ಬರಬಹುದು, ಯಾರು ಬೇಕಾದ್ರೂ ಮಾತಾಡಬಹುದು. ಇದರಲ್ಲಿ ಬಲ, ಅಧಿಕಾರ ಅನ್ನೋದು ಎಲ್ಲಿ ಬಂತು?"

ಬಾಗಿಲು ತೆರೆದಿರುವುದು ನಿಜ. ಒಳಗೆ ಹೋಗಿ ನೋಡಿ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾರಿದ್ದಾರೆ, ಗೋಡೆಗೆ ಒರಗಿ ನಿಂತವರು ಯಾರು, ಒಳಗೇ ಬಾರದೆ ಅರಳಿಕಟ್ಟೆ ಮೇಲೆ ಕೂತು ಕಿವಿಗೊಟ್ಟವರು ಯಾರು? ಯಾರು ಎದ್ದರೆ "ಹೇಳಿ ಗೌಡ್ರೆ" ಅನ್ನುತ್ತಾರೆ, ಯಾರು ಎದ್ದರೆ "ಏನ್ಲಾ ನಿಂದು" ಅನ್ನುತ್ತಾರೆ? ಸಭೆಯ ಹೊತ್ತನ್ನು ಗೊತ್ತುಮಾಡಿದವರು ಯಾರು ಅನ್ನುವುದೂ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕಬ್ಬು ಕಡಿಯುವ ಕೂಲಿಯವರು ಬರುವಂತಿಲ್ಲ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಇಟ್ಟರೆ ಹೆಂಗಸರು ಬರುವಂತಿಲ್ಲ. ಯಾರೂ ಬಾಯಿ ತೆರೆಯುವ ಮೊದಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

"ನಮ್ಮೂರಲ್ಲಿ ಜಾತಿಗೀತಿ ಏನೂ ಇಲ್ಲ ಸಾರ್. ಆದ್ರೂ ಕೇರಿಯವರು ಸಭೇಲಿ ಬಾಯೇ ಬಿಡಲ್ಲ. ಯಾಕೆ?"

ಜಾತಿ ಇಲ್ಲ ಎನ್ನುವವರು ಸಾಮಾನ್ಯವಾಗಿ ಅದರ ಬಿಸಿ ತಾಗದವರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ನೋಡಿದ್ದು ಇದನ್ನೇ. ತಲೆಯೆಣಿಕೆ, ಜಮೀನು, ರಾಜಕೀಯದ ಹಿಡಿತ ಯಾವ ಜಾತಿಯ ಕೈಯಲ್ಲಿ ಒಟ್ಟಿಗೆ ಸೇರಿರುತ್ತವೋ ಅದು ಊರಿನ 'ಪ್ರಬಲ ಜಾತಿ', ಶಾಸ್ತ್ರದ ಏಣಿಯಲ್ಲಿ ಅದು ಎಲ್ಲೇ ಇರಲಿ ಎಂದರು. ಈಗ ಸರ್ಕಾರಿ ನೌಕರಿ, ಗುತ್ತಿಗೆ, ಸೊಸೈಟಿ ಸಾಲವನ್ನೂ ಆ ಪಟ್ಟಿಗೆ ಸೇರಿಸಬೇಕು.

ಕೇರಿಯವರ ಮೌನಕ್ಕೆ ಲೆಕ್ಕಾಚಾರವಿದೆ. ಮಧ್ಯಾಹ್ನ ಸಭೆಯಲ್ಲಿ ಯಾರ ಎದುರು ಮಾತಾಡುತ್ತಾರೋ ನಾಳೆ ಬೆಳಿಗ್ಗೆ ಅವರ ಗದ್ದೆಗೇ ನಾಟಿಗೆ ಹೋಗಬೇಕು. ಮಗಳ ಮದುವೆಗೆ ಕೈಸಾಲ ಕೇಳುವುದೂ ಅವರನ್ನೇ. ಇಂಥ ಕಡೆ "ಧೈರ್ಯವಾಗಿ ಮಾತಾಡಿ" ಎಂದು ಹುರಿದುಂಬಿಸುವುದು ನನಗೆ ಬೇಜವಾಬ್ದಾರಿಯಾಗಿ ಕಾಣುತ್ತದೆ, ಅದರ ಬೆಲೆ ತೆರುವವರು ಹುರಿದುಂಬಿಸಿದವರಲ್ಲ. ಸಭೆಗೆ ಮೊದಲೇ ಕೇರಿಗೆ ಹೋಗಿ ಕೂತು ವಿಷಯಗಳನ್ನು ಬರೆದುಕೊಂಡು, ಹೆಸರಿಲ್ಲದೆ ಸಭೆಯಲ್ಲಿ ಓದಿ. ವಾರ್ಡ್ ಸಭೆಯನ್ನು ದೇವಸ್ಥಾನದ ಮುಂದೆ ಮಾಡುವ ಬದಲು ಕೇರಿಯ ಸಮುದಾಯ ಭವನದಲ್ಲಿ ಮಾಡಿ. ಅಲ್ಲಿಗೆ ಊರವರು ಬರುವುದಿಲ್ಲ ಅಂದರೆ, ಜಾತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು.

"ಕೇಳಿಸ್ಕೊಳ್ಳೋದು ಅಂದ್ರೆ ಒಪ್ಕೊಂಡಂಗೆ ಅಲ್ವಾ?"

ಅಲ್ಲ. ಎದುರಿನವರ ವಾದವನ್ನು, "ಹೂಂ, ನಾನು ಹೇಳಿದ್ದು ಅದೇಯ" ಎಂದು ಅವರೇ ಅನ್ನುವ ಹಾಗೆ ತಿರುಗಿ ಹೇಳಬಲ್ಲಿರಾದರೆ ಕೇಳಿಸಿಕೊಂಡಿದ್ದೀರಿ. ಆಮೇಲೆ ಬೇಕಾದಷ್ಟು ಖಂಡಿಸಿ.

"ಗ್ರಾಮಸಭೆಗೆ ಇಂತಿಷ್ಟು ಜನ ಇರಲೇಬೇಕು ಅಂತ ಕಾನೂನಿದೆಯಾ?"

ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆಯ ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಅಥವಾ 20 ಜನ. ಬಂದವರಲ್ಲಿ ಹೆಂಗಸರು ಶೇ. 30ಕ್ಕೆ ಕಡಿಮೆ ಇರಬಾರದು, ಪರಿಶಿಷ್ಟರು ಜನಸಂಖ್ಯೆಗೆ ತಕ್ಕಂತೆ ಇರಬೇಕು ಎಂದೂ ಹೇಳಿದೆ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು. ಹಾಜರಿ ಪುಸ್ತಕ ಮನೆಮನೆಗೆ ಹೋಗಿ ಸಹಿ ತುಂಬಿಸಿಕೊಂಡು ಬರುವ ಕತೆ ನಿಮಗೂ ಗೊತ್ತು, ನನಗೂ ಗೊತ್ತು. ಕೋರಂ ಇಲ್ಲದ ಸಭೆಯನ್ನು ಮುಂದೂಡಿ ಎಂದು ಕೇಳಲು ಮಾತ್ರ ಭಾಷಣ ಬರಬೇಕಾಗಿಲ್ಲ, ತಲೆ ಎಣಿಸಲು ಬಂದರೆ ಸಾಕು.

"ಹೆಂಗಸರಿಗೆ ಅರ್ಧ ಸೀಟು ಕೊಟ್ಟಾಯ್ತಲ್ಲ. ಇನ್ನೂ ಅವರ ಗಂಡಂದಿರೇ ಮಾತಾಡ್ತಾರೆ ಅಂದ್ರೆ ತಪ್ಪು ಯಾರದು?"

ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂದಿತ್ತು. 1983ರ ಕಾಯ್ದೆಯಲ್ಲೇ ಶೇ. 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು, 1987ರ ಚುನಾವಣೆಯಲ್ಲಿ ಅದು ಜಾರಿಗೆ ಬಂತು. ಅದರ ಹಿಂದೆ ಇದ್ದ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್‌ಸಾಬ್ ಅವರ ಹೆಸರಿನ ತರಬೇತಿ ಸಂಸ್ಥೆ ಇರುವುದು ಮೈಸೂರಿನಲ್ಲೇ. 1993ರಲ್ಲಿ ಮೂರನೇ ಒಂದು ಭಾಗ, 2010ರ ತಿದ್ದುಪಡಿಯಿಂದ ಅರ್ಧ.

ಸೀಟು ಬಂತು, ಅಧ್ಯಕ್ಷರ ಪಕ್ಕ ಗಂಡನಿಗೂ ಒಂದು ಕುರ್ಚಿ ಬಂತು! "ಅವಳಿಗೇನು ಗೊತ್ತಾಗ್ತದೆ, ನನ್ನ ಕೇಳಿ" ಅನ್ನುತ್ತಾನೆ. ಅವನನ್ನೇ ಕೇಳುವ ಅಧಿಕಾರಿಯದೂ ಊರವರದೂ ತಪ್ಪು ಎಂದು ನಾನು ಹೇಳುತ್ತೇನೆ. ಹೆಂಗಸರಿಗೆ ಮಾತು ಬರುವುದಿಲ್ಲ ಎಂಬುದನ್ನು ಒಪ್ಪಲಾರೆ. ಅದೇ ಹೆಣ್ಣುಮಗಳು ಸ್ತ್ರೀಶಕ್ತಿ ಸಂಘದಲ್ಲಿ ಯಾರ ಕಂತು ಬಾಕಿ, ಯಾರ ಬಡ್ಡಿ ಎಷ್ಟು ಎಂದು ಪುಸ್ತಕ ನೋಡದೆ ಹೇಳುತ್ತಾಳೆ. ಅಲ್ಲಿ ಕೇಳುವವರಿದ್ದಾರೆ, ಅದಕ್ಕೆ ಹೇಳುತ್ತಾಳೆ. ಮಾಡಬೇಕಾದ್ದು ಸರಳ: ವೇದಿಕೆ ಮೇಲೆ ಚುನಾಯಿತರಲ್ಲದವರಿಗೆ ಕುರ್ಚಿ ಹಾಕಬೇಡಿ, ಪ್ರಶ್ನೆಯನ್ನು ಸದಸ್ಯೆಯ ಮುಖ ನೋಡಿಯೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಗ್ರಾಮಸಭೆಗೆ ಮುಂಚೆ ಮಹಿಳಾ ಗ್ರಾಮಸಭೆ ನಡೆಸಿ, ಅದರ ತೀರ್ಮಾನಗಳನ್ನು ಗ್ರಾಮಸಭೆಯ ಮೊದಲ ವಿಷಯವಾಗಿ ಎತ್ತಿಕೊಳ್ಳಿ. ಕೊನೆಗಿಟ್ಟರೆ ಅಷ್ಟು ಹೊತ್ತಿಗೆ ಅರ್ಧ ಜನ ಊಟಕ್ಕೆ ಹೋಗಿರುತ್ತಾರೆ.

## ಸಭೆ ನಡೆಸುವವರ ಪ್ರಶ್ನೆಗಳು

"ಒಬ್ಬರೇ ಮೈಕ್ ಹಿಡಿದ್ರೆ ಅರ್ಧ ಗಂಟೆ ಬಿಡಲ್ಲ. ವಯಸ್ಸಾದವರು, ಊರಿಗೆ ಬೇಕಾದವರು. ತಡೆಯೋದು ಹೆಂಗೆ?"

ಅವರು ಎದ್ದ ಮೇಲೆ ತಡೆಯಲಾಗುವುದಿಲ್ಲ, ಅವಮಾನವಾಗುತ್ತದೆ. ಸಭೆ ಶುರುವಾಗುವಾಗಲೇ ಎಲ್ಲರಿಗೂ ಮೂರು ನಿಮಿಷ ಎಂದು ಸಾರಿ, ಗಡಿಯಾರವನ್ನು ಆ ಹಿರಿಯರ ಕೈಗೇ ಕೊಟ್ಟುಬಿಡಿ. ಇನ್ನೊಬ್ಬರ ಹೊತ್ತು ಕಾಯುವವರು ತಮ್ಮ ಹೊತ್ತು ಮೀರಲು ನಾಚುತ್ತಾರೆ, ಬಹುಮಟ್ಟಿಗೆ. ಇನ್ನೊಂದು: ಒಮ್ಮೆ ಮಾತಾಡಿದವರಿಗೆ ಎರಡನೇ ಸರದಿ ಬರುವುದು ಒಮ್ಮೆಯೂ ಮಾತಾಡದವರೆಲ್ಲ ಮುಗಿಸಿದ ಮೇಲೆ. ಮೊದಲ ಮಾತನ್ನು ಯಾರಿಗೆ ಕೊಡುತ್ತೀರಿ ಎಂಬುದರ ಮೇಲೆ ಕಣ್ಣಿಡಿ. ದೊಡ್ಡವರು ಮೊದಲು ಮಾತಾಡಿದರೆ ಉಳಿದವರ ಮಾತೆಲ್ಲ "ಅಣ್ಣಾವ್ರು ಹೇಳಿದಂಗೆ" ಎಂದೇ ಶುರುವಾಗುತ್ತದೆ.

"ಕೂಗಾಡೋರ ಮಾತನ್ನ ಯಾಕೆ ಕೇಳಬೇಕು? ಮೊದಲು ಮರ್ಯಾದೆಯಾಗಿ ಮಾತಾಡೋದು ಕಲೀಲಿ."

ಕೋಪದ ಮಾತಿನಲ್ಲಿ ಎರಡು ಭಾಗವಿರುತ್ತದೆ, ವಿಷಯ ಮತ್ತು ದನಿ. ಬಲವಿದ್ದವರು ದನಿಗೆ ಉತ್ತರ ಕೊಟ್ಟು ವಿಷಯವನ್ನು ಹಾಗೇ ಬಿಟ್ಟುಬಿಡಬಲ್ಲರು. ಇದಕ್ಕೆ ಮೈಸೂರಿನಲ್ಲೇ ದೊಡ್ಡ ಉದಾಹರಣೆ ಇದೆ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಇಲ್ಲಿಯ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದುಬಿಟ್ಟರು. ಮಲವನ್ನು ತಲೆಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದ ಸಚಿವರು ಇವರೇ. ರಾಜ್ಯವೆಲ್ಲ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ಆ ಒಂದು ಮಾತು ಒರಟೇ. ಆದರೆ ಅದರೊಳಗೆ ಒಂದು ಪ್ರಶ್ನೆ ಇತ್ತು: ಈ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ? ಬೀದಿಗಿಳಿದವರಲ್ಲಿ ಎಷ್ಟು ಮಂದಿ ಆ ಪ್ರಶ್ನೆ ಎತ್ತಿಕೊಂಡರು? ಎತ್ತಿಕೊಂಡವರು ಪೆಟ್ಟು ತಿಂದ ಹುಡುಗರು. ಆ ಗಲಾಟೆಯ ಬೆನ್ನಿಗೇ ದಲಿತ ಚಳವಳಿ ಬಲಿತಿತು, ಕನ್ನಡದಲ್ಲಿ ದಲಿತ ಸಾಹಿತ್ಯವೂ ಬೆಳೆಯಿತು. ಭಾಷೆಗೆ ಅವಮಾನವಾಯಿತೆಂದು ಕೂಗಿದವರಿಗಿಂತ ಕನ್ನಡಕ್ಕೆ ಹೆಚ್ಚು ಕೊಟ್ಟವರು ಇವರು ಎಂಬುದು ನನ್ನ ಅಭಿಪ್ರಾಯ.

ಹಾಗಂತ ಬೈಗುಳವನ್ನೆಲ್ಲ ಸಹಿಸಬೇಕೆಂದಲ್ಲ. ಜಾತಿ ಹಿಡಿದು ಬೈಯುವುದು, ಹೆಂಗಸರ ಮೇಲೆ ಹೊಲಸು ಮಾತಾಡುವುದು ಆದಾಗ ಸಭೆ ಅಲ್ಲೇ ನಿಲ್ಲಬೇಕು. ಅಳತೆಗೋಲು ಇಷ್ಟೇ: ದನಿ ಏರಿದ್ದು ಬಲದವನ ಮೇಲೋ, ಬಲವಿಲ್ಲದವನ ಮೇಲೋ?

"ನಾಲೆ ನೀರಿನ ಸಭೆ ಪ್ರತಿ ಸಾರಿ ಜಗಳದಲ್ಲೇ ಮುಗಿಯುತ್ತೆ. ಇದಕ್ಕೆ ದಾರಿ ಇದೆಯಾ?"

ಪೂರ್ತಿ ದಾರಿ ಇಲ್ಲ, ಯಾಕೆಂದರೆ ನೀರೇ ಸಾಲದು. ಆದರೆ ಜಗಳ ಯಾರ ನಡುವೆ ನಡೆಯುತ್ತಿದೆ ಎಂದು ಬಿಡಿಸಿ ನೋಡಿದರೆ ಕೆಲವು ಗಂಟು ಸಡಿಲವಾಗುತ್ತವೆ.

ಹೊರಗಿನವರು ನೋಡುವುದು ಕಾವೇರಿ ನೀರಿಗಾಗಿ ನಡೆಯುವ ಕರ್ನಾಟಕ–ತಮಿಳುನಾಡು ಜಗಳ ಮಾತ್ರ. 1924ರ ಒಪ್ಪಂದ, 1991ರ ಮಧ್ಯಂತರ ತೀರ್ಪು, 2007ರ ಅಂತಿಮ ತೀರ್ಪು, ತಮಿಳುನಾಡಿನ ಪಾಲನ್ನು 177.25 ಟಿಎಂಸಿಗೆ ಇಳಿಸಿದ 2018ರ ಸುಪ್ರೀಂ ಕೋರ್ಟ್ ತೀರ್ಪು. ಆ ವಿಷಯ ಬಂದಾಗ ಮಂಡ್ಯದ ಸಂಜಯ ವೃತ್ತದಲ್ಲಿ ಎಲ್ಲರೂ ಒಂದೇ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸಭೆಗೆ ಬಂದಾಗ ಮಾತ್ರ ನಾಲೆ ತಲೆಯವರು ಬೇರೆ, ಕೊನೆ ಭಾಗದ ಮದ್ದೂರು–ಮಳವಳ್ಳಿಯವರು ಬೇರೆ. ಮೇಲಿನವರ ಗದ್ದೆಯಲ್ಲಿ ಭತ್ತ ನಿಂತಿರುವಾಗ ಕೆಳಗಿನವರ ತೂಬಿಗೆ ನೀರೇ ಬಂದಿರುವುದಿಲ್ಲ. ಮಳವಳ್ಳಿ ತಾಲ್ಲೂಕಿನವರಿಗಂತೂ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೀರು ಹೊತ್ತೊಯ್ಯುವ ಕೊಳವೆ ದಿನಾ ಕಣ್ಣಿಗೆ ಬೀಳುತ್ತದೆ. ಹೊರಗಿನ ಶತ್ರುವಿನ ಹೆಸರಲ್ಲಿ ಒಗ್ಗಟ್ಟಾಗಿರಬೇಕಾದಾಗ ಒಳಗಿನ ಅನ್ಯಾಯ ಎತ್ತಿದವನು ದ್ರೋಹಿಯಾಗುತ್ತಾನೆ. ಸಭೆಗಳು ಒಡೆಯುವುದು ಅಲ್ಲಿ. ಗೇಣಿಗೆ ಮಾಡುವವನಿಗೂ ಕೂಲಿಯವಳಿಗೂ ಇದರಲ್ಲಿ ಸರದಿಯೇ ಇಲ್ಲ, ಪಹಣಿಯಲ್ಲಿ ಹೆಸರಿಲ್ಲದವರು ನೀರಿನ ಸಭೆಯಲ್ಲೂ ಇಲ್ಲ.

ನಾನು ಕಂಡಂತೆ ಕೆಲಸಕ್ಕೆ ಬಂದದ್ದು: ಕಟ್ಟು ನೀರಿನ ಸರದಿ ಗೊತ್ತುಮಾಡುವ ಸಭೆಯನ್ನು ಕೊನೆ ಭಾಗದ ಹಳ್ಳಿಯಲ್ಲಿ ಇಡುವುದು. ಮೇಲಿನವರು ಅಲ್ಲಿಗೆ ಬರುವಾಗ ಒಣಗಿದ ಗದ್ದೆ ಬದಿಯಲ್ಲೇ ನಡೆದು ಬರಬೇಕು. ಮೊದಲ ಮಾತು ನೀರುಗಂಟಿಗೆ, ಅಂದರೆ ತೂಬು ನೋಡಿಕೊಂಡು ನೀರು ಬಿಡುವವನಿಗೆ. ಯಾವ ತೂಬನ್ನು ರಾತ್ರಿ ಯಾರು ಎತ್ತುತ್ತಾರೆ ಎಂದು ಅವನಷ್ಟು ತಿಳಿದವರಿಲ್ಲ. (ಹೆಸರು ಹೇಳು ಎಂದು ಒತ್ತಾಯಿಸಬೇಡಿ, ಅವನ ಕೆಲಸ ಹೋದೀತು.)

ಎರಡು ರಾಜ್ಯಗಳ ರೈತರೇ ಎದುರುಬದುರು ಕೂತದ್ದೂ ಉಂಟು. 2003ರಲ್ಲಿ 'ಕಾವೇರಿ ಕುಟುಂಬ' ಎಂಬ ಹೆಸರಲ್ಲಿ ಅಲ್ಲಿನವರು ಇಲ್ಲಿಗೆ ಬಂದರು, ಇಲ್ಲಿನವರು ಅಲ್ಲಿಗೆ ಹೋದರು. ನಮ್ಮ ಕಡೆಯಿಂದ ಪಾಂಡವಪುರದ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅದರಲ್ಲಿದ್ದರು. ನೀರು ಹಂಚುವ ಸೂತ್ರ ಅದರಿಂದ ಹುಟ್ಟಲಿಲ್ಲ, ಅದು ಕೋರ್ಟಿನಿಂದಲೇ ಬಂತು. ಆದರೂ ಎದುರಿನವನ ಗದ್ದೆಯನ್ನು ಕಣ್ಣಾರೆ ಕಂಡವನು ಅವನನ್ನು ಕಳ್ಳ ಎಂದು ಕರೆಯುವುದು ಕಷ್ಟ.

"ಅಧಿಕಾರಿಗಳು ಬಂದು ಕ್ಯೂಸೆಕ್, ಟಿಎಂಸಿ ಅಂತ ಲೆಕ್ಕ ಒಪ್ಪಿಸಿ ಹೋಗ್ತಾರೆ. ನಮಗೆ ಅರ್ಥ ಆಗಲ್ಲ, ಕೇಳೋಕೆ ನಾಚಿಕೆ."

ನಾಚಿಕೆ ಅವರಿಗಿರಬೇಕು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಹೆಚ್ಚುಕಡಿಮೆ 28 ಲೀಟರ್. ಒಂದು ಟಿಎಂಸಿ 100 ಕೋಟಿ ಘನ ಅಡಿ. ದಿನಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. 2023ರ ಬರದ ವರ್ಷ 5,000 ಕ್ಯೂಸೆಕ್‌ನಂತೆ 15 ದಿನ ಬಿಡಿ ಎಂಬ ಆದೇಶ ಬಂದಾಗ ಅದು ಸುಮಾರು ಆರೂವರೆ ಟಿಎಂಸಿ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೆ ಹಿಡಿಯುವುದು 49.45 ಟಿಎಂಸಿ. ಇಷ್ಟನ್ನು ಪಂಚಾಯ್ತಿ ಗೋಡೆಗೆ ಬರೆಸಿ. ಅಧಿಕಾರಿ ಬಂದಾಗ "ಇದರಲ್ಲಿ ನಮ್ಮ ತೂಬಿಗೆ ಎಷ್ಟು, ಎಷ್ಟು ದಿನ?" ಎಂದು ಒಂದೇ ಪ್ರಶ್ನೆ ಕೇಳಿ. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದನ್ನು 'ಮಾಹಿತಿ ನೀಡಲಾಯಿತು' ಎಂದು ಬರೆಯಲು ಬಿಡಬೇಡಿ.

"ಬಡಾವಣೆ ವಾಟ್ಸಾಪ್ ಗುಂಪಲ್ಲಿ ಎಲ್ಲರೂ ಸಮಾನರಲ್ವಾ?"

ಗುಂಪಿಗೆ ಯಾರನ್ನು ಸೇರಿಸಿದ್ದೀರಿ ನೋಡಿ. ಕುವೆಂಪುನಗರವೋ ವಿಜಯನಗರವೋ, ಮನೆ ಮಾಲೀಕರಿರುತ್ತಾರೆ, ಬಾಡಿಗೆಯವರು ಅಪರೂಪ. ಪೌರಕಾರ್ಮಿಕರ ಬಗ್ಗೆ, ತರಕಾರಿ ಗಾಡಿಯವರ ಬಗ್ಗೆ ದಿನಾ ದೂರು ಬರುತ್ತದೆ, ಅವರಲ್ಲಿ ಒಬ್ಬರೂ ಅಲ್ಲಿಲ್ಲ.

## ಆಳಕ್ಕೆ ಹೋದಾಗ

"ನಾನು ಬಲವಿರೋ ಜಾತಿಯವನು, ಗಂಡಸು, ಓದಿದವನು. ಹಂಗಾದ್ರೆ ಸಭೇಲಿ ಬಾಯಿ ಮುಚ್ಕಂಡು ಕೂರಬೇಕಾ?"

ಈ ಪ್ರಶ್ನೆಯಲ್ಲಿ ಸ್ವಲ್ಪ ಮುನಿಸಿದೆ, ಇರಲಿ. ಬಾಯಿ ಮುಚ್ಚಿ ಕೂತರೂ ನಿಮ್ಮ ಬಲ ಕಡಿಮೆಯಾಗುವುದಿಲ್ಲ. ನಿಮ್ಮ ಮೌನವನ್ನೂ ಜನ ಓದುತ್ತಾರೆ, "ಗೌಡ್ರು ಸುಮ್ನಾದ್ರು, ಸಿಟ್ಟಾಗವ್ರೆ" ಎಂದು. ಆದ್ದರಿಂದ ಬಲವನ್ನು ಕೆಲಸಕ್ಕೆ ಹಚ್ಚಿ. ಮಾತಿನ ಮಧ್ಯೆ ಯಾರಾದರೂ ಬಾಯಿ ಹಾಕಿದರೆ "ಅವರು ಮುಗಿಸ್ಲಿ" ಎಂದು ನೀವು ಹೇಳಿದರೆ ನಡೆಯುತ್ತದೆ, ಕೂಲಿಯವಳು ಹೇಳಿದರೆ ನಡೆಯುವುದಿಲ್ಲ. ಬೇರೆಯವರು ಹೇಳಿದ ಒಳ್ಳೆಯ ಮಾತನ್ನು ನೀವು ಮತ್ತೆ ಹೇಳುವಾಗ ಅವರ ಹೆಸರಿಟ್ಟೇ ಹೇಳಿ. ಸಭೆ ಮುಗಿದ ಮೇಲೆ ಎದುರು ಮಾತಾಡಿದವನಿಗೆ ಕೆಲಸ ತಪ್ಪದ ಹಾಗೆ ನೋಡಿಕೊಳ್ಳಿ. ಇದು ಕೊನೆಯದಾದರೂ ಎಲ್ಲಕ್ಕಿಂತ ದುಬಾರಿ.

"ಪ್ರತಿ ಸಭೇಲೂ ನಮ್ಮ ನೋವು ಹೇಳಿ ಅಂತ ನಮ್ಮನ್ನೇ ಎಬ್ಬಿಸ್ತಾರೆ. ಹೇಳಿ ಹೇಳಿ ಸಾಕಾಗಿದೆ."

ಹೇಳಬೇಡಿ. ದೇವಸ್ಥಾನದ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ, ಕ್ಷೌರದಂಗಡಿಯಲ್ಲಿ ಏನಾಯಿತು ಎಂಬುದನ್ನು ಕೇಳುವವರ ಕಣ್ಣಲ್ಲಿ ನೀರು ಬರುವ ಹಾಗೆ ಮತ್ತೆ ಮತ್ತೆ ಹೇಳುವ ಹೊಣೆ ನಿಮ್ಮದಲ್ಲ. ಕಳೆದ ಸಾರಿ ಹೇಳಿದ್ದು ಬರವಣಿಗೆಯಲ್ಲಿ ಇದೆಯೇ, ಅದರ ಮೇಲೆ ಏನು ಕ್ರಮವಾಯಿತು ಎಂದು ತಿರುಗಿ ಕೇಳಿ. ಸಭೆ ನಡೆಸುವವರಿಗೆ ನನ್ನ ಮಾತು: ಹಳೆಯ ದೂರಿಗೆ ಉತ್ತರ ತರದೆ ಹೊಸ ಸಂಕಟ ಕೇಳಲು ಹೋಗಬೇಡಿ.

"ಮೈಸೂರಲ್ಲಿ ಮಹಾರಾಜರ ಕಾಲದಲ್ಲೇ ಪ್ರಜಾಪ್ರತಿನಿಧಿ ಸಭೆ ಇತ್ತಲ್ಲ. ಜನರ ಮಾತು ಕೇಳೋ ಸಂಪ್ರದಾಯ ನಮಗೆ ಹೊಸದಾ?"

ಹೊಸದಲ್ಲ, ಆದರೆ ಯಾರ ಮಾತು? ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರಾ ಹೊತ್ತಿಗೆ ಸಭೆ ಸೇರಿದಾಗ ಬಂದವರು 144 ಮಂದಿ, ಜಮೀನ್ದಾರರು, ವರ್ತಕರು. ದಿವಾನರು ವರದಿ ಓದುತ್ತಿದ್ದರು, ಪ್ರತಿನಿಧಿಗಳು ಅಹವಾಲು ಹೇಳುತ್ತಿದ್ದರು, ತೀರ್ಮಾನ ದಿವಾನರದು. 1923ರವರೆಗೆ ಸಭೆಗೆ ಶಾಸನದ ನೆಲೆಯೂ ಇರಲಿಲ್ಲ. ಅಂದಿನ ಭಾರತದಲ್ಲಿ ಅಷ್ಟೂ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸ ಸಿಗುತ್ತಿಲ್ಲ ಎಂಬ ದೂರಿಗೆ ಉತ್ತರ ಸಿಕ್ಕಿದ್ದು ಅಹವಾಲಿನಿಂದಷ್ಟೇ ಅಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿ, ನಿಯೋಗ ಹೋಗಿ ಮಹಾರಾಜ ನಾಲ್ವಡಿಯವರನ್ನು ಕಂಡ ಮೇಲೆ 1918ರಲ್ಲಿ, ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವ ದಾರಿ ಹುಡುಕಲು ಮಿಲ್ಲರ್ ಸಮಿತಿ ನೇಮಕವಾಯಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ಮಂಡ್ಯದಲ್ಲಿ ಅವರ ಪಟವಿಲ್ಲದ ಮನೆ ಕಡಿಮೆ. ಅಣೆಕಟ್ಟೆಯ ಋಣ ತೀರುವಂಥದಲ್ಲ. ಮಿಲ್ಲರ್ ಸಮಿತಿಯ ಫಲ ಉಂಡವರೂ ಅದೇ ಮನೆಗಳವರೇ.

"ಸಮಬಲ ಇಲ್ಲದವರನ್ನ ಒಂದೇ ಮೇಜಿನ ಮುಂದೆ ಕೂರಿಸಿದ್ರೆ ನ್ಯಾಯ ಸಿಗುತ್ತಾ?"

ಮೇಜಿನ ನಿಯಮ ಬದಲಿಸದಿದ್ದರೆ ಕಷ್ಟ. 1974ರ ಭೂಸುಧಾರಣೆಯಲ್ಲಿ ಅರಸು ಸರ್ಕಾರ ಒಂದು ಜಾಣ ಕೆಲಸ ಮಾಡಿತು. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದಿತು. ಧಣಿಯೂ ಗೇಣಿದಾರನೂ ತಂತಮ್ಮ ಬಾಯಲ್ಲೇ ಹೇಳಬೇಕು. ಮುಂದೆ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ತೆಗೆದುಹಾಕಿತು, ವಕೀಲರ ಹಕ್ಕು ಎಂದು. ನನಗೆ ಆ ನಿಯಮದ ಹಿಂದಿನ ಯೋಚನೆ ಇವತ್ತಿಗೂ ಸರಿಯೆನಿಸುತ್ತದೆ.

ರೈತಸಂಘ ಇನ್ನೊಂದು ದಾರಿ ಹಿಡಿಯಿತು. ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರುವಂತಿಲ್ಲ ಎಂದು ಊರ ಬಾಗಿಲಲ್ಲಿ ಬೋರ್ಡ್ ನೆಟ್ಟಿತು. ತಾಲ್ಲೂಕು ಕಚೇರಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತನ ಮುಂದೆ ಸಾಲ ವಸೂಲಿಗೆ ಬಂದವರು ನಿಂತು ಕೇಳುವಂತಾಯಿತು. ಅದೇ ಊರಲ್ಲಿ ಹಸಿರು ಶಾಲಿನವನ ಮುಂದೆ ಕೂಲಿಯವನು ಹೇಗೆ ನಿಲ್ಲುತ್ತಿದ್ದ ಎಂಬುದನ್ನೂ ಕೇಳಬೇಕು.

"ನಿಜವಾಗಿ ಕೇಳಿಸ್ಕೊಂಡ್ರು ಅಂತ ಗೊತ್ತಾಗೋದು ಹೆಂಗೆ?"

ನಡಾವಳಿ ಪುಸ್ತಕ ತೆಗೆಸಿ. 'ಚರ್ಚಿಸಿ ತೀರ್ಮಾನಿಸಲಾಯಿತು' ಎಂದಷ್ಟೇ ಇದ್ದರೆ ಕೇಳಿಸಿಕೊಂಡಿಲ್ಲ. ಯಾರು ಏನು ಕೇಳಿದರು, ಯಾರು ವಿರೋಧಿಸಿದರು, ಯಾವ ಅಧಿಕಾರಿ ಯಾವ ತಾರೀಖಿನೊಳಗೆ ಮಾಡಬೇಕು, ಇಷ್ಟು ಇರಬೇಕು. ಸಭೆ ಮುಗಿಯುವ ಮೊದಲೇ, ಜನ ಏಳುವ ಮುಂಚೆ, ನಡಾವಳಿಯನ್ನು ಗಟ್ಟಿಯಾಗಿ ಓದಿಸಿ ಸಹಿ ಮಾಡಿಸಿ. "ಆಮೇಲೆ ನೀಟಾಗಿ ಬರ್ಕೊತೀನಿ" ಎಂದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೇಳಿದರೆ ಒಪ್ಪಬೇಡಿ, ನೀಟಾಗುವಾಗ ಏನೇನು ಬಿಟ್ಟುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

"ಎಷ್ಟು ಹೇಳಿದ್ರೂ ಕೇಳಲ್ಲ ಅಂದ್ಮೇಲೆ ಸಭೆಗೆ ಹೋಗೋದಾದ್ರೂ ಯಾಕೆ? ಎದ್ದು ಬರೋದೇ ಸರಿ ಅಲ್ವಾ?"

ಕೆಲವು ಸಲ ಸರಿ. ನಿಮ್ಮ ಹಾಜರಿ ಸಹಿ ಇಟ್ಟುಕೊಂಡು ನಿಮ್ಮ ವಿರುದ್ಧದ ತೀರ್ಮಾನಕ್ಕೆ ಒಪ್ಪಿಗೆಯ ಮುದ್ರೆ ಒತ್ತುತ್ತಾರೆ ಎಂದಾದರೆ ಕೂರುವುದರಿಂದ ನಷ್ಟವೇ. ಆದರೆ ಒಬ್ಬೊಬ್ಬರೇ ಎದ್ದು ಬಂದರೆ ಉಳಿದವರಿಗೆ ಅನುಕೂಲ, ಸಭೆ ಬೇಗ ಮುಗಿಯುತ್ತದೆ. ಏಳುವುದಾದರೆ ಒಟ್ಟಿಗೆ ಏಳಿ. ಏಳುವ ಮೊದಲು ಕಾರಣವನ್ನು ಒಂದು ಹಾಳೆಯಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಅಧ್ಯಕ್ಷರಿಗೆ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಿ, ರಸೀತಿ ಜೋಪಾನ ಮಾಡಿ.